ಯುದ್ಧಕಾಲದ ರೇಡಿಯೋಗಳು ಮತ್ತು ಸಿಗದ ಬ್ಯಾಟರಿಗಳು



ವಸ್ತುಸಂಗ್ರಹಾಲಯಗಳಿಗೆ ಹೋದಾಗ ಗಾಜಿನ ಕಪಾಟಿನೊಳಗೆ ಇಟ್ಟಿರುವ ಹಳೆಯ ಸೈನಿಕ ರೇಡಿಯೋಗಳನ್ನು ನೀವು ನೋಡಿರಬಹುದು. ಹಸಿರು ಬಣ್ಣ ಬಳಿದ ಕಬ್ಬಿಣದ ಪೆಟ್ಟಿಗೆ, ಅದರ ಮೇಲೆ ನಾಲ್ಕಾರು ಗುಂಡಿಗಳು, ಪಕ್ಕದಲ್ಲಿ ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನ್, ಕೆಳಗೆ ಒಂದು ಚೀಟಿ. ಒಂದು ನಿಮಿಷ ನಿಂತು ನೋಡಿ ಮುಂದಕ್ಕೆ ಹೋಗುತ್ತೇವೆ. ಆ ಯಂತ್ರ ಇಂದು ಮಾತನಾಡಬಲ್ಲದೇ ಎಂದು ನಾವು ಯೋಚಿಸುವುದಿಲ್ಲ.

ಯೋಚಿಸಿದರೆ ಒಂದು ಆಶ್ಚರ್ಯದ ಸಂಗತಿ ಗೊತ್ತಾಗುತ್ತದೆ. ಇಂತಹ ಎಷ್ಟೋ ಸೆಟ್ಟುಗಳ ಒಳಗಿನ ಭಾಗಗಳು ಎಂಬತ್ತು ವರ್ಷಗಳ ನಂತರವೂ ಚೆನ್ನಾಗಿಯೇ ಇವೆ. ಇಲ್ಲದಿರುವುದು ಬ್ಯಾಟರಿ ಮಾತ್ರ. ಅದನ್ನು ತಯಾರಿಸುತ್ತಿದ್ದ ಕಾರ್ಖಾನೆಗಳು ತಯಾರಿಕೆಯನ್ನು ನಿಲ್ಲಿಸಿ ದಶಕಗಳೇ ಕಳೆದಿವೆ. ಎಲ್ಲೋ ಒಂದು ಹಳೆಯ ಬ್ಯಾಟರಿ ಸಿಕ್ಕಿದರೂ ಅದು ಒಣಗಿ ಹೋಗಿರುತ್ತದೆ. ಹಾಗಾದರೆ ಈ ಯಂತ್ರಗಳು ಇನ್ನು ಮೂಕವಾಗಿಯೇ ಇರಬೇಕೇ? ಬೇಕಾಗಿಲ್ಲ ಎಂದು ತೋರಿಸಿದವರಿದ್ದಾರೆ. ಯುದ್ಧದ ನಡುವೆಯೇ ಬ್ಯಾಟರಿ ಇಲ್ಲದೆ ರೇಡಿಯೋ ನಡೆಸಿದವರೂ ಇದ್ದಾರೆ. ಆ ಇತಿಹಾಸವನ್ನು ನಿಮ್ಮ ಮುಂದಿಡುವುದು ಈ ಲೇಖನದ ಉದ್ದೇಶ.

ಒಂದು ಯಂತ್ರ, ಎರಡು ಆಹಾರ

ಮೊದಲು ಈ ಯಂತ್ರಗಳಿಗೆ ಬೇಕಾದ ಬ್ಯಾಟರಿ ಎಂತಹುದು ಎಂದು ತಿಳಿಯೋಣ. ಅಂದಿನ ರೇಡಿಯೋಗಳಲ್ಲಿ ಟ್ರಾನ್ಸಿಸ್ಟರ್ ಇರಲಿಲ್ಲ. ಅದರ ಕೆಲಸವನ್ನು ಗಾಜಿನ ವಾಲ್ವುಗಳು ಮಾಡುತ್ತಿದ್ದವು. ವಾಲ್ವಿನೊಳಗೆ ಕೂದಲಿನಂತಹ ಒಂದು ತಂತಿ ಇರುತ್ತದೆ. ಅದನ್ನು ಫಿಲಮೆಂಟ್ ಎನ್ನುತ್ತಾರೆ. ಅದು ಕಾದಾಗ ಇಲೆಕ್ಟ್ರಾನುಗಳು ಹೊರಬರುತ್ತವೆ. ಹಾಗೆ ಹೊರಬಂದ ಇಲೆಕ್ಟ್ರಾನುಗಳನ್ನು ಎದುರಿಗಿರುವ ಆನೋಡ್ ಎಂಬ ಲೋಹದ ತಗಡು ತನ್ನತ್ತ ಸೆಳೆಯುತ್ತದೆ.

ಆದ್ದರಿಂದ ವಾಲ್ವಿಗೆ ಎರಡು ಬಗೆಯ ವಿದ್ಯುತ್ತು ಬೇಕು. ಫಿಲಮೆಂಟ್ ಕಾಯಿಸಲು ಒಂದೂವರೆ ಅಥವಾ ಎರಡು ವೋಲ್ಟ್ ಸಾಕು, ಆದರೆ ಕರೆಂಟು ಹೆಚ್ಚು ಬೇಕು. ಆನೋಡಿಗೆ ಕರೆಂಟು ಬಹಳ ಕಡಿಮೆ ಸಾಕು, ಆದರೆ ವೋಲ್ಟೇಜು ನೂರರ ಹತ್ತಿರ ಬೇಕು. ಮೊದಲನೆಯದನ್ನು ‘ಎ’ ಬ್ಯಾಟರಿ ಎಂದೂ ಎರಡನೆಯದನ್ನು ‘ಬಿ’ ಬ್ಯಾಟರಿ ಎಂದೂ ಕರೆಯುತ್ತಿದ್ದರು. ವಿದ್ಯುತ್ತು ಬಾರದ ನಮ್ಮ ಹಳ್ಳಿಗಳಲ್ಲಿ ಒಂದು ಕಾಲದಲ್ಲಿ ಶ್ರೀಮಂತರ ಮನೆಯಲ್ಲಿದ್ದ ಬ್ಯಾಟರಿ ರೇಡಿಯೋಗಳೂ ಇದೇ ರೀತಿಯವು. ಆ ರೇಡಿಯೋದ ಹಿಂದೆ ಇಟ್ಟಿಗೆಯಷ್ಟು ದೊಡ್ಡ ಬ್ಯಾಟರಿ ಇರುತ್ತಿದ್ದುದನ್ನು ನಿಮ್ಮ ಮನೆಯ ಹಿರಿಯರು ಹೇಳಿಯಾರು.

ಒಂದು ಉದಾಹರಣೆ ನೋಡಿ. ಎರಡನೆಯ ಮಹಾಯುದ್ಧದ ಚಿತ್ರಗಳಲ್ಲಿ ಅಮೆರಿಕದ ಸೈನಿಕನು ಟೆಲಿಫೋನಿನಂತೆ ಕಿವಿಗೆ ಹಿಡಿದುಕೊಂಡಿರುವ ಉದ್ದನೆಯ ಪೆಟ್ಟಿಗೆ ಒಂದಿದೆ. ಅದರ ಹೆಸರು ಬಿಸಿ-611. ಮುಂದೆ ಮೊಟೊರೋಲಾ ಎಂಬ ಹೆಸರು ಪಡೆದ ಗಾಲ್ವಿನ್ ಕಂಪನಿ ಅದನ್ನು ರೂಪಿಸಿತು. ತೂಕ ಸುಮಾರು ಎರಡೂಕಾಲು ಕಿಲೋ, ಒಳಗೆ ಐದು ವಾಲ್ವುಗಳು. ನೆಲದ ಮೇಲೆ ಸುಮಾರು ಒಂದು ಮೈಲಿ ದೂರದವರೆಗೆ ಮಾತನಾಡಬಹುದಾಗಿತ್ತು. ಅದಕ್ಕೆ ಬೇರೆ ಸ್ವಿಚ್ಚೇ ಇಲ್ಲ, ಏರಿಯಲ್ ಕಡ್ಡಿಯನ್ನು ಹೊರಗೆಳೆದರೆ ಸೆಟ್ ಚಾಲೂ ಆಗುತ್ತದೆ. ಅದಕ್ಕೆ ಬೇಕಾದ ಬ್ಯಾಟರಿಗಳು ಎರಡು. ಬಿಎ-37 ಎಂಬುದು 1.5 ವೋಲ್ಟಿನದು. ಬಿಎ-38 ಎಂಬುದು 103.5 ವೋಲ್ಟಿನದು. ಈ ವಿಚಿತ್ರ ಸಂಖ್ಯೆ ಎಲ್ಲಿಂದ ಬಂತು ಎಂದು ವಿದ್ಯಾರ್ಥಿಗಳು ಲೆಕ್ಕ ಹಾಕಿ ನೋಡಬಹುದು. ಒಂದು ಒಣಕೋಶ 1.5 ವೋಲ್ಟ್ ಕೊಡುತ್ತದೆ. ಅಂತಹ 69 ಕೋಶಗಳನ್ನು ಸರಣಿಯಲ್ಲಿ ಜೋಡಿಸಿದರೆ 103.5 ಆಗುತ್ತದೆ. ಹೈಸ್ಕೂಲಿನ ಪಾಠದಲ್ಲಿ ನೀವು ಓದುವ ಸರಣಿ ಜೋಡಣೆ ಎಂದರೆ ಇದೇ.

ಒಣಕೋಶದ ಆಯುಷ್ಯ

ಫ್ರಾನ್ಸಿನ ಲೆಕ್ಲಾಂಶೆ 1866ರಲ್ಲಿ ಸತು, ಇಂಗಾಲ ಮತ್ತು ನವಸಾಗರವನ್ನು ಬಳಸಿ ಒಂದು ಕೋಶವನ್ನು ತಯಾರಿಸಿದನು. ಉರ್ದುವಿನಲ್ಲಿ ನಾವು ನೌಶಾದರ್ ಎನ್ನುವುದೇ ಈ ನವಸಾಗರ. ಅದರೊಳಗೆ ದ್ರವವಿತ್ತು, ಓರೆ ಮಾಡಿದರೆ ಚೆಲ್ಲುತ್ತಿತ್ತು. ಜರ್ಮನಿಯ ಗಾಸ್ನರ್ 1880ರ ದಶಕದಲ್ಲಿ ಅದನ್ನು ಚೆಲ್ಲದ ಒಣಕೋಶವನ್ನಾಗಿ ಮಾಡಿದನು. ನಾವು ಟಾರ್ಚಿಗೆ ಹಾಕುತ್ತಿದ್ದ ಶೆಲ್ಲು ಅದರ ವಂಶದ್ದೇ.

ಈ ಕೋಶದಲ್ಲಿ ಸತುವಿನ ಡಬ್ಬಿಯೇ ಋಣಧ್ರುವ. ಅಂದರೆ ಕೋಶವು ಕೆಲಸ ಮಾಡಿದಂತೆಲ್ಲ ತನ್ನ ಗೋಡೆಯನ್ನು ತಾನೇ ತಿನ್ನುತ್ತದೆ. ಬಳಸದೆ ಇಟ್ಟರೂ ಒಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ ನಡೆಯುತ್ತಲೇ ಇರುತ್ತದೆ. ಸೆಕೆ ಹೆಚ್ಚಾದಷ್ಟೂ ಈ ಕ್ರಿಯೆಯ ವೇಗ ಹೆಚ್ಚು. ಪೆಸಿಫಿಕ್ ದ್ವೀಪಗಳ ಬಿಸಿಲು ಮತ್ತು ತೇವದಲ್ಲಿ ಸೈನ್ಯದ ಬ್ಯಾಟರಿಗಳು ಬಳಸುವ ಮೊದಲೇ ಕೆಡುತ್ತಿದ್ದವು. ಈ ತೊಂದರೆಗೆ ಪರಿಹಾರವಾಗಿ ಅಮೆರಿಕದ ಸ್ಯಾಮ್ಯುಯೆಲ್ ರೂಬೆನ್ ಎಂಬ ಸಂಶೋಧಕರು 1942ರಲ್ಲಿ ಪಾದರಸದ ಕೋಶವನ್ನು ಸಿದ್ಧಪಡಿಸಿದರು. ಅದು ಸೆಕೆಯನ್ನು ತಾಳುತ್ತಿತ್ತು. ಆದರೆ ಪಾದರಸ ವಿಷವಾದ್ದರಿಂದ ಮುಂದೆ ಅನೇಕ ದೇಶಗಳು ಅಂತಹ ಬ್ಯಾಟರಿಗಳನ್ನು ನಿಷೇಧಿಸಿದವು. ಹೀಗಾಗಿ ಅದನ್ನು ನಂಬಿ ತಯಾರಾದ ಉಪಕರಣಗಳೂ ಅನಾಥವಾದವು.

ಯಂತ್ರಕ್ಕೆ ನೂರು ವರ್ಷ ಆಯುಷ್ಯವಿರಬಹುದು. ಅದರ ಒಣ ಬ್ಯಾಟರಿಗೆ ಕೆಲವೇ ವರ್ಷಗಳ ಆಯುಷ್ಯ. ಸಮಸ್ಯೆಯ ಮೂಲ ಇಷ್ಟೇ.

ಬ್ಯಾಟರಿ ಇಲ್ಲದೆ ನಡೆಸಿದವರು

ಯುದ್ಧಕಾಲದಲ್ಲಿ ಈ ಸಮಸ್ಯೆ ಸಾವು ಬದುಕಿನ ಪ್ರಶ್ನೆಯಾಗಿತ್ತು. ಸಮುದ್ರದಲ್ಲಿ ಬಿದ್ದ ವಿಮಾನದ ಸಿಬ್ಬಂದಿ ರಬ್ಬರ್ ದೋಣಿಯಲ್ಲಿ ಕುಳಿತು ಸಹಾಯಕ್ಕೆ ಕರೆಯಬೇಕು. ಅಲ್ಲಿ ಬ್ಯಾಟರಿ ಸತ್ತಿದ್ದರೆ ಗತಿಯೇನು? ಜರ್ಮನ್ನರು ಇದಕ್ಕಾಗಿ ಕೈಯಿಂದ ತಿರುಗಿಸುವ ಪ್ರೇಷಕವನ್ನು ಮಾಡಿದ್ದರು. ಅದರ ಮಾದರಿಯನ್ನೇ ಅನುಸರಿಸಿ ಅಮೆರಿಕದವರು ಎಸ್‌ಸಿಆರ್-578 ಎಂಬ ಸೆಟ್ ತಯಾರಿಸಿದರು. ತೊಡೆಗಳ ನಡುವೆ ಹಿಡಿದುಕೊಳ್ಳಲು ಅನುಕೂಲವಾಗಲೆಂದು ಅದರ ಸೊಂಟ ಸಣ್ಣದಾಗಿತ್ತು. ಹಾಗಾಗಿ ಸೈನಿಕರು ಅದನ್ನು ‘ಗಿಬ್ಸನ್ ಗರ್ಲ್’ ಎಂದು ಕರೆದರು. ಏರಿಯಲ್ ತಂತಿಯನ್ನು ಗಾಳಿಪಟಕ್ಕೆ ಕಟ್ಟಿ ಹಾರಿಸುವುದು, ಹಿಡಿಕೆಯನ್ನು ತಿರುಗಿಸುವುದು. ಒಳಗಿನ ಪುಟ್ಟ ಜನರೇಟರ್ ವಿದ್ಯುತ್ತನ್ನು ಕೊಡುತ್ತಿತ್ತು, ಎಸ್ಓಎಸ್ ಸಂಕೇತವು ತಾನಾಗಿಯೇ ಹೊರಡುತ್ತಿತ್ತು. ಅದಕ್ಕೆ ಬ್ಯಾಟರಿಯ ಹಂಗೇ ಇರಲಿಲ್ಲ.

ಇನ್ನೊಂದು ಘಟನೆ ತಿಮೋರ್ ದ್ವೀಪದ್ದು. 1942ರ ಫೆಬ್ರವರಿಯಲ್ಲಿ ಜಪಾನಿ ಸೈನ್ಯ ಅಲ್ಲಿ ಇಳಿದಾಗ ಆಸ್ಟ್ರೇಲಿಯದ ಒಂದು ತುಕಡಿ ಬೆಟ್ಟಗಳಿಗೆ ಸರಿಯಿತು. ತಾಯ್ನಾಡಿನೊಂದಿಗೆ ಸಂಪರ್ಕವೇ ಕಡಿದು ಹೋಯಿತು. ಅವರ ಬಳಿ ಸರಿಯಾದ ರೇಡಿಯೋ ಇರಲಿಲ್ಲ, ಅದನ್ನು ನಡೆಸುವ ಶಕ್ತಿಯ ಮೂಲವೂ ಇರಲಿಲ್ಲ. ತುಕಡಿಯ ಸಿಗ್ನಲ್ ಸೈನಿಕರು ಕೆಟ್ಟ ಸೆಟ್ಟುಗಳ ತುಂಡುಗಳನ್ನು ಆಯ್ದು ತಂದು ಒಂದು ಪ್ರೇಷಕವನ್ನು ಕಟ್ಟಿದರು. ಬ್ಯಾಟರಿ ಚಾರ್ಜ್ ಮಾಡಲು ಹಳೆಯ ಕಾರೊಂದರಿಂದ ಜನರೇಟರ್ ಬಿಚ್ಚಿ ತಂದು ಅದಕ್ಕೆ ಮರದ ಚಕ್ರಗಳನ್ನು ಹೊಂದಿಸಿದರು. ಸ್ಥಳೀಯರೊಬ್ಬರು ಅದನ್ನು ಕೈಯಿಂದ ತಿರುಗಿಸುತ್ತಿದ್ದರು. ಏಪ್ರಿಲ್ ತಿಂಗಳಲ್ಲಿ ಒಂದು ರಾತ್ರಿ ಡಾರ್ವಿನ್ ನಗರದಿಂದ ಉತ್ತರ ಬಂತು. ಆದರೆ ಅಲ್ಲಿನವರಿಗೆ ಇದು ಶತ್ರುವಿನ ಮೋಸವಿರಬಹುದೆಂಬ ಸಂಶಯ. ಸೈನಿಕರಲ್ಲೊಬ್ಬರ ಹೆಂಡತಿಯ ಹೆಸರನ್ನು ಕೇಳಿ, ಸರಿಯಾದ ಉತ್ತರ ಬಂದ ಮೇಲೆಯೇ ನಂಬಿದರು. ಸತ್ತರೆಂದೇ ತಿಳಿದಿದ್ದವರು ಬದುಕಿರುವುದು ಹೀಗೆ ಗೊತ್ತಾಯಿತು. ‘ವಿನ್ನಿ ದಿ ವಾರ್ ವಿನ್ನರ್’ ಎಂದು ಹೆಸರಾದ ಆ ಸೆಟ್ ಕ್ಯಾನ್‌ಬೆರಾದ ಯುದ್ಧ ಸ್ಮಾರಕದ ಸಂಗ್ರಹದಲ್ಲಿದೆ.

ಬೋರ್ನಿಯೋ ದ್ವೀಪದ ಕುಚಿಂಗ್ ನಗರದ ಬಳಿ ಬಟು ಲಿಂಟಾಂಗ್ ಎಂಬಲ್ಲಿ ಜಪಾನಿಯರ ಸೆರೆಶಿಬಿರವಿತ್ತು. ನಮ್ಮ ದೇಶದ ಪಂಜಾಬ್ ರೆಜಿಮೆಂಟಿನ ಸೈನಿಕರೂ ಅಲ್ಲಿ ಸೆರೆಯಾಳುಗಳಾಗಿದ್ದರು. ಬ್ರಿಟಿಷ್ ಸೆರೆಯಾಳುಗಳು 1943ರಲ್ಲಿ ಅಲ್ಲಿ ಗುಟ್ಟಾಗಿ ಒಂದು ರೇಡಿಯೋ ತಯಾರಿಸಿದರು. ಅದಕ್ಕೆ ‘ಮುದುಕಿ’ ಎಂಬ ಅರ್ಥದ ಗುಪ್ತನಾಮವಿಟ್ಟರು. ಶಿಬಿರದ ವಿದ್ಯುತ್ತನ್ನು ನೆಚ್ಚಿಕೊಳ್ಳುವಂತಿರಲಿಲ್ಲವಾದ್ದರಿಂದ ಕೈಯಿಂದ ತಿರುಗಿಸುವ ಜನರೇಟರ್ ಒಂದನ್ನೂ ಸಿಕ್ಕ ಸಾಮಾನುಗಳಿಂದಲೇ ರೂಪಿಸಿದರು. ಅದರ ಗುಪ್ತನಾಮ ‘ಜಿನ್ನಿ’. ಸಿಕ್ಕಿಬಿದ್ದರೆ ಏನಾಗುತ್ತದೆ ಎಂಬುದು ಅವರಿಗೆ ತಿಳಿಯದ ವಿಷಯವೇನಲ್ಲ. ಅದೇ ದ್ವೀಪದ ಸಂಡಕನ್ ಶಿಬಿರದಲ್ಲಿ ಗುಪ್ತ ರೇಡಿಯೋ ಪತ್ತೆಯಾದ ಮೇಲೆ ಕ್ಯಾಪ್ಟನ್ ಲಯನೆಲ್ ಮ್ಯಾಥ್ಯೂಸ್ ಅವರನ್ನು 1944ರ ಮಾರ್ಚ್‌ನಲ್ಲಿ ಗುಂಡಿಕ್ಕಿ ಕೊಲ್ಲಲಾಯಿತು. ಹೊರಗಿನ ಪ್ರಪಂಚದ ಸುದ್ದಿ ಕೇಳಲು ಜನರು ತೆತ್ತ ಬೆಲೆ ಇದು.

ನೂರ್ ಇನಾಯತ್ ಖಾನ್ ಮತ್ತು ಸೂಟ್‌ಕೇಸ್ ರೇಡಿಯೋ

ಕಾಡಿನಲ್ಲಿ ವಿದ್ಯುತ್ತೇ ಇಲ್ಲದಿರುವುದು ಒಂದು ಕಷ್ಟ. ನಗರದಲ್ಲಿ ಇದ್ದ ವಿದ್ಯುತ್ತೇ ಶತ್ರುವಾಗುವುದು ಇನ್ನೊಂದು ಕಷ್ಟ. ಜರ್ಮನ್ನರ ವಶದಲ್ಲಿದ್ದ ಫ್ರಾನ್ಸಿನಲ್ಲಿ ಬ್ರಿಟನ್ನಿನ ಗುಪ್ತದಳದ ವೈರ್‌ಲೆಸ್ ಕಾರ್ಯಕರ್ತರು ಎದುರಿಸಿದ್ದು ಈ ಎರಡನೆಯ ಕಷ್ಟವನ್ನು. ಅವರ ಸೆಟ್ಟುಗಳು ಸೂಟ್‌ಕೇಸಿನಲ್ಲಿ ಹಿಡಿಸುವಂಥವು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ಸಂದೇಶ ಕಳಿಸುತ್ತಿರುವಾಗ ಜರ್ಮನ್ನರು ಒಂದೊಂದು ಪ್ರದೇಶದ ವಿದ್ಯುತ್ತನ್ನು ಕಡಿದು ನೋಡುತ್ತಿದ್ದರು. ಎಲ್ಲಿ ಕಡಿದಾಗ ಸಂಕೇತ ನಿಲ್ಲುತ್ತದೋ ಅಲ್ಲಿ ಸೆಟ್ ಇದೆ ಎಂದು ಅರ್ಥ. ಈ ಅಪಾಯಕ್ಕೆ ಉತ್ತರವಾಗಿ ‘ಬಿ2’ ಎಂಬ ಸೆಟ್ ಬಂತು. ಅದನ್ನು ಮನೆಯ ವಿದ್ಯುತ್ತಿನಿಂದಲೂ ನಡೆಸಬಹುದು, 6 ವೋಲ್ಟಿನ ಮೋಟಾರು ಬ್ಯಾಟರಿಯಿಂದಲೂ ನಡೆಸಬಹುದು. ಅಂದರೆ ಬದಲಿ ವಿದ್ಯುತ್ತಿನ ವ್ಯವಸ್ಥೆಯನ್ನು ಯಂತ್ರದೊಳಗೇ ಮೊದಲೇ ಇಟ್ಟಿದ್ದರು.

ಆಕ್ರಮಿತ ಫ್ರಾನ್ಸಿಗೆ ಬ್ರಿಟನ್ ಕಳುಹಿಸಿದ ಮೊದಲ ಮಹಿಳಾ ವೈರ್‌ಲೆಸ್ ಕಾರ್ಯಕರ್ತೆ ನೂರ್ ಇನಾಯತ್ ಖಾನ್. ಇವರ ತಂದೆ ಸೂಫಿ ಸಂಗೀತಗಾರರಾದ ಹಜ್ರತ್ ಇನಾಯತ್ ಖಾನ್. ತಂದೆಯವರ ತಾಯಿಯ ಕಡೆಯ ಮನೆತನ ನಮ್ಮ ಶ್ರೀರಂಗಪಟ್ಟಣದ ಟಿಪ್ಪು ಸುಲ್ತಾನರದು. 1943ರ ಜೂನ್‌ನಲ್ಲಿ ಫ್ರಾನ್ಸಿನಲ್ಲಿ ಇಳಿದ ಕೆಲವೇ ದಿನಗಳಲ್ಲಿ ಅವರ ಜಾಲದ ಉಳಿದವರು ಒಬ್ಬೊಬ್ಬರಾಗಿ ಬಂಧಿತರಾದರು. ಲಂಡನ್ ಹಿಂದಿರುಗಲು ಹೇಳಿದರೂ ಅವರು ಒಪ್ಪಲಿಲ್ಲ. ಸೆಟ್ಟನ್ನು ಹೊತ್ತು ಮನೆಯಿಂದ ಮನೆಗೆ ಜಾಗ ಬದಲಿಸುತ್ತ, ಪ್ರತಿ ಬಾರಿ ಕೆಲವೇ ನಿಮಿಷ ಸಂದೇಶ ಕಳಿಸುತ್ತ ಅಕ್ಟೋಬರ್‌ವರೆಗೆ ಕೆಲಸ ಮಾಡಿದರು. ನಂತರ ಸಿಕ್ಕಿಬಿದ್ದು, 1944ರ ಸೆಪ್ಟೆಂಬರ್ 13ರಂದು ಡಾಖೌ ಶಿಬಿರದಲ್ಲಿ ಪ್ರಾಣ ತೆತ್ತರು. 1949ರಲ್ಲಿ ಅವರಿಗೆ ಮರಣೋತ್ತರವಾಗಿ ಜಾರ್ಜ್ ಕ್ರಾಸ್ ಪದಕ ದೊರೆಯಿತು. ಅಂತಹ ಸೂಟ್‌ಕೇಸ್ ರೇಡಿಯೋವನ್ನು ಎಲ್ಲಾದರೂ ನೋಡಿದರೆ ಈ ಹೆಣ್ಣುಮಗಳನ್ನು ನೆನೆಯಿರಿ.

ಇಂದು ಹೇಗೆ ನಡೆಸುತ್ತಾರೆ?

ಈಗ ನಮ್ಮ ಕಾಲಕ್ಕೆ ಬರೋಣ. ಹಳೆಯ ಸೈನಿಕ ರೇಡಿಯೋಗಳನ್ನು ಉಳಿಸುವ ಹವ್ಯಾಸಿಗಳು ಅನೇಕ ದೇಶಗಳಲ್ಲಿದ್ದಾರೆ. ಅವರ ಕೆಲಸದ ಮೊದಲ ಹೆಜ್ಜೆ ಓದುವುದು. ಮೂಲ ಬ್ಯಾಟರಿ ಎಷ್ಟು ವೋಲ್ಟ್ ಕೊಡುತ್ತಿತ್ತು, ಎಷ್ಟು ಕರೆಂಟು ಕೊಡುತ್ತಿತ್ತು, ಧನಧ್ರುವ ಯಾವ ಕಡೆಗಿತ್ತು ಎಂಬುದನ್ನು ಕೈಪಿಡಿಯಿಂದ ತಿಳಿದುಕೊಳ್ಳುತ್ತಾರೆ. ಕೈಪಿಡಿ ಸಿಗದಿದ್ದರೆ ವಾಲ್ವಿನ ಹೆಸರೇ ಅರ್ಧ ಕಥೆ ಹೇಳುತ್ತದೆ. ಬಿಸಿ-611ರಲ್ಲಿ 1ಆರ್5, 1ಟಿ4 ಎಂಬ ವಾಲ್ವುಗಳಿವೆ. ಮೊದಲಿನ ‘1’ ಎಂಬ ಅಂಕಿಯಿಂದ ಅದರ ಫಿಲಮೆಂಟಿಗೆ ಒಂದೂವರೆ ವೋಲ್ಟಿನ ಒಳಗೆ ಸಾಕು ಎಂದು ತಿಳಿಯುತ್ತದೆ. ಜರ್ಮನ್ ಸೈನ್ಯದ ಬೆನ್ನ ಮೇಲೆ ಹೊರುವ ರೇಡಿಯೋಗಳಲ್ಲಿ ಆರ್‌ವಿ2ಪಿ800 ಎಂಬ ವಾಲ್ವು ಇತ್ತು. ಅದರಲ್ಲಿರುವ ‘2’ ಎಂದರೆ ಎರಡು ವೋಲ್ಟ್.

ಎರಡನೆಯ ಹೆಜ್ಜೆ ಲೆಕ್ಕ. 103.5 ವೋಲ್ಟಿನ ಬ್ಯಾಟರಿ ಅಂಗಡಿಯಲ್ಲಿ ಸಿಗುವುದಿಲ್ಲ. ಆದರೆ 9 ವೋಲ್ಟಿನ ಚಿಕ್ಕ ಚೌಕದ ಬ್ಯಾಟರಿ ಎಲ್ಲ ಊರುಗಳಲ್ಲೂ ಸಿಗುತ್ತದೆ. ಹನ್ನೊಂದನ್ನು ಸರಣಿಯಲ್ಲಿ ಜೋಡಿಸಿದರೆ 99 ವೋಲ್ಟ್, ಹನ್ನೆರಡನ್ನು ಜೋಡಿಸಿದರೆ 108. ಹೊಸ ಬ್ಯಾಟರಿ ಒಂಬತ್ತಕ್ಕಿಂತ ತುಸು ಹೆಚ್ಚೇ ಕೊಡುವುದರಿಂದ ಹನ್ನೊಂದೇ ಸಾಕಾಗುತ್ತದೆ. ಫಿಲಮೆಂಟಿಗೆ ಟಾರ್ಚಿನ ದಪ್ಪ ಶೆಲ್ಲು ಒಂದು. ಅದರ ಉದ್ದ ಸಾಲದಿದ್ದರೆ ಉಳಿದ ಜಾಗಕ್ಕೆ ಲೋಹದ ತುಂಡೊಂದನ್ನು ಇಡುತ್ತಾರೆ. ಸೈನಿಕರು ಬೆನ್ನ ಮೇಲೆ ಹೊರುತ್ತಿದ್ದ ಎಸ್‌ಸಿಆರ್-300 ಎಂಬ ಸೆಟ್ಟಿನ ಬಿಎ-70 ಬ್ಯಾಟರಿ ಒಂದೇ ಪೆಟ್ಟಿಗೆಯಿಂದ 4.5, 90 ಮತ್ತು 150 ವೋಲ್ಟ್ ಕೊಡುತ್ತಿತ್ತು. ಹತ್ತು ಚಿಕ್ಕ ಬ್ಯಾಟರಿಗಳಿಂದ 90 ವೋಲ್ಟ್ ಸಿಗುತ್ತದೆ. ಅದರ ಮುಂದೆ ಇನ್ನೂ ಏಳನ್ನು ಸೇರಿಸಿದರೆ 153 ಆಗುತ್ತದೆ. 4.5 ವೋಲ್ಟಿಗೆ ಮೂರು ದಪ್ಪ ಶೆಲ್ಲುಗಳು. ಆದರೆ ಈ ಸೆಟ್ಟಿನಲ್ಲಿ ಹದಿನೆಂಟು ವಾಲ್ವುಗಳಿರುವುದರಿಂದ ಫಿಲಮೆಂಟಿನ ಕರೆಂಟು ಹೆಚ್ಚು ಬೇಕು. ಆದ್ದರಿಂದ ಮೂರು ಮೂರು ಶೆಲ್ಲುಗಳ ಹಲವು ಸಾಲುಗಳನ್ನು ಸಮಾನಾಂತರವಾಗಿ ಜೋಡಿಸುವುದು ಒಳ್ಳೆಯದು.

ಎಲ್ಲಕ್ಕಿಂತ ಸುಲಭವಾಗಿ ಉಳಿದುಕೊಂಡವು ವಾಹನದ ಬ್ಯಾಟರಿಯಿಂದ ನಡೆಯುತ್ತಿದ್ದ ಸೆಟ್ಟುಗಳು. ಬ್ರಿಟಿಷ್ ಮತ್ತು ಕಾಮನ್‌ವೆಲ್ತ್ ಸೈನ್ಯಗಳ ಟ್ಯಾಂಕುಗಳಲ್ಲಿದ್ದ 19ನೇ ನಂಬರಿನ ವೈರ್‌ಲೆಸ್ ಸೆಟ್ಟಿಗೆ 12 ವೋಲ್ಟ್ ಕೊಟ್ಟರೆ ಸಾಕು. ಮೋಟಾರೂ ಜನರೇಟರೂ ಒಂದೇ ಆದ ಚಿಕ್ಕ ಯಂತ್ರವೊಂದು ಅದರಿಂದ ನೂರಾರು ವೋಲ್ಟನ್ನು ಉತ್ಪಾದಿಸುತ್ತದೆ. 12 ವೋಲ್ಟಿನ ಬ್ಯಾಟರಿ ಇಂದಿಗೂ ಕಾರುಗಳಲ್ಲಿ ಇದೆ. ಎಲ್ಲರೂ ಬಳಸುವ ಅಳತೆಯನ್ನು ನೆಚ್ಚಿದ ಯಂತ್ರ ಅನಾಥವಾಗಲಿಲ್ಲ.

ಇತ್ತೀಚೆಗೆ ಕಡಿಮೆ ವೋಲ್ಟನ್ನು ಹೆಚ್ಚಿಸುವ ಚಿಕ್ಕ ಇಲೆಕ್ಟ್ರಾನಿಕ್ ಸರ್ಕ್ಯೂಟುಗಳೂ ಅಗ್ಗವಾಗಿ ಸಿಗುತ್ತವೆ. ಆದರೆ ಅವು ಕೆಲಸ ಮಾಡುವಾಗ ಏಳುವ ಅಲೆಗಳು ರೇಡಿಯೋದಲ್ಲಿ ಗೊರಗೊರ ಶಬ್ದವಾಗಿ ಕೇಳಿಸುತ್ತವೆ. ಅದನ್ನು ತಡೆಯಲು ಲೋಹದ ಡಬ್ಬಿಯಲ್ಲಿಟ್ಟು ಸೋಸುವ ವ್ಯವಸ್ಥೆ ಮಾಡಬೇಕಾಗುತ್ತದೆ. ಕೆಲವರು ಹೊಸ ಬ್ಯಾಟರಿಗಳನ್ನು ಹಳೆಯ ಅಳತೆಯ ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಹಳೆಯ ಚೀಟಿಯ ಪ್ರತಿಯನ್ನು ಅಂಟಿಸುತ್ತಾರೆ. ನೋಡುವವರಿಗೆ ಯಂತ್ರ ಅಂದಿನಂತೆಯೇ ಕಾಣುತ್ತದೆ. ಯಂತ್ರದ ಒಂದು ತಂತಿಯನ್ನೂ ಕತ್ತರಿಸದೆ, ಒಂದು ತೂತನ್ನೂ ಕೊರೆಯದೆ ಇಷ್ಟನ್ನು ಮಾಡುವುದೇ ಒಳ್ಳೆಯ ಕೆಲಸಗಾರನ ಲಕ್ಷಣ.

ಎಚ್ಚರಿಕೆಯ ನಾಲ್ಕು ಮಾತು

ಇದನ್ನು ಓದಿ ಉತ್ಸಾಹಗೊಳ್ಳುವ ವಿದ್ಯಾರ್ಥಿಗಳಿಗೆ ಕೆಲವು ಮಾತು. ಬ್ಯಾಟರಿ ಎಂದ ಮಾತ್ರಕ್ಕೆ ಅಪಾಯವಿಲ್ಲ ಎಂದು ತಿಳಿಯಬೇಡಿ. ನೂರು ವೋಲ್ಟ್ ಜೀವಕ್ಕೆ ಅಪಾಯಕಾರಿ. ತಿಳಿದವರು ಜೊತೆಗಿಲ್ಲದೆ ಕೈಹಾಕಕೂಡದು. ಎರಡನೆಯದಾಗಿ, ‘ಬಿ’ ಬ್ಯಾಟರಿಯನ್ನು ತಪ್ಪಿ ಫಿಲಮೆಂಟಿಗೆ ಜೋಡಿಸಿದರೆ ಒಂದೇ ಕ್ಷಣದಲ್ಲಿ ಎಲ್ಲ ವಾಲ್ವುಗಳೂ ಸುಟ್ಟುಹೋಗುತ್ತವೆ. ಅಂತಹ ವಾಲ್ವುಗಳ ತಯಾರಿಕೆ ನಿಂತು ಬಹಳ ಕಾಲವಾಯಿತು. ಆದ್ದರಿಂದ ಅನುಭವಿಗಳು ಆ ದಾರಿಯಲ್ಲಿ ಒಂದು ಫ್ಯೂಸನ್ನೋ ಟಾರ್ಚ್ ಬಲ್ಬನ್ನೋ ಇಡುತ್ತಾರೆ. ತಪ್ಪಾದರೆ ಬಲ್ಬು ಸುಡುತ್ತದೆ, ವಾಲ್ವು ಉಳಿಯುತ್ತದೆ. ಮೂರನೆಯದಾಗಿ, ಸೋರುತ್ತಿರುವ ಹಳೆಯ ಬ್ಯಾಟರಿ ಯಂತ್ರದೊಳಗೆ ಇದ್ದರೆ ಅದನ್ನು ಕೂಡಲೇ ಹೊರತೆಗೆಯಬೇಕು. ಅದರ ರಸ ಲೋಹವನ್ನು ತಿನ್ನುತ್ತದೆ. ಆದರೆ ಹೊರತೆಗೆದ ಬ್ಯಾಟರಿಯನ್ನು ಒಡೆಯಬಾರದು, ಪಾದರಸದ್ದಾದರಂತೂ ಮುಟ್ಟಲೂಬಾರದು. ಕೊನೆಯದಾಗಿ, ನಮ್ಮ ದೇಶದಲ್ಲಿ ಪರವಾನಗಿ ಇಲ್ಲದೆ ರೇಡಿಯೋ ಪ್ರಸಾರ ಮಾಡುವುದು ಅಪರಾಧ. ಹವ್ಯಾಸಿಗಳಿಗೆ ಸರ್ಕಾರ ಪರೀಕ್ಷೆ ನಡೆಸಿ ಪರವಾನಗಿ ಕೊಡುತ್ತದೆ. ಆ ದಾರಿಯಲ್ಲೇ ಹೋಗಬೇಕು.

ನಮಗೇಕೆ ಈ ವಿಷಯ?

ಇದು ದೂರದ ದೇಶಗಳ ಸಂಗತಿ, ನಮಗೇಕೆ ಎಂದು ಯಾರಾದರೂ ಕೇಳಬಹುದು. ಎರಡನೆಯ ಮಹಾಯುದ್ಧ ಮುಗಿಯುವ ವೇಳೆಗೆ ಭಾರತೀಯ ಸೇನೆಯಲ್ಲಿ ಸುಮಾರು 25 ಲಕ್ಷ ಜನರಿದ್ದರು. ಬರ್ಮಾದ ಕಾಡಿನಲ್ಲಿ, ಆಫ್ರಿಕದ ಮರಳಿನಲ್ಲಿ ಅವರಿಗೆ ಆದೇಶ ತಲುಪಿಸಿದ್ದು ಇಂತಹ ಯಂತ್ರಗಳೇ. ಸ್ವಾತಂತ್ರ್ಯದ ನಂತರ ನಮ್ಮ ಸೈನ್ಯಕ್ಕೆ ಬೇಕಾದ ವೈರ್‌ಲೆಸ್ ಸೆಟ್ಟುಗಳನ್ನು ನಾವೇ ತಯಾರಿಸಬೇಕೆಂದು 1954ರಲ್ಲಿ ಬೆಂಗಳೂರಿನಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆ ಸ್ಥಾಪನೆಯಾಯಿತು. ಜಾಲಹಳ್ಳಿಯ ಆ ಕಾರ್ಖಾನೆಯಲ್ಲಿ 1961ರಿಂದ ವಾಲ್ವುಗಳೂ ತಯಾರಾದವು. ಅಂದರೆ ಈ ಇತಿಹಾಸದ ಒಂದು ಅಧ್ಯಾಯ ನಮ್ಮ ನಾಡಿನಲ್ಲೇ, ನಮ್ಮವರ ಕೈಗಳಿಂದಲೇ ಬರೆಯಲ್ಪಟ್ಟಿದೆ.

ಆದರೆ ಹಳೆಯ ಸೆಟ್ಟುಗಳು ಗುಜರಿಯ ಪಾಲಾಗುತ್ತವೆ. ‘ಇದಕ್ಕೆ ಬ್ಯಾಟರಿ ಸಿಗುವುದಿಲ್ಲ’ ಎಂಬ ಒಂದೇ ಮಾತಿನ ಮೇಲೆ ತಾಮ್ರದ ಬೆಲೆಗೆ ಮಾರಾಟವಾಗುತ್ತವೆ. ಸಿಗದ ಬ್ಯಾಟರಿಯ ಬದಲಿಗೆ ಇನ್ನೊಂದನ್ನು ಮಾಡಬಹುದು ಎಂದು ಗೊತ್ತಿದ್ದವರು ಆ ಮನೆಯಲ್ಲಿ ಒಬ್ಬರಿದ್ದರೂ ಸಾಕಿತ್ತು.

ಉರ್ದುವಿನಲ್ಲಿ ‘ಜುಗಾಡ್’ ಎಂಬ ಮಾತನ್ನು ನಾವು ಹಗುರವಾಗಿ ಬಳಸುತ್ತೇವೆ. ಹೇಗೋ ಮಾಡಿ ಕೆಲಸ ಸಾಗಿಸುವುದು ಎಂಬ ಅರ್ಥದಲ್ಲಿ. ತಿಮೋರಿನ ಸೈನಿಕರು ಮಾಡಿದ್ದನ್ನು ಮೇಲ್ನೋಟಕ್ಕೆ ಹಾಗೆಯೇ ಕರೆಯಬಹುದು. ಆದರೆ ಕಾರಿನ ಜನರೇಟರ್ ಎಷ್ಟು ವೋಲ್ಟ್ ಕೊಡುತ್ತದೆ, ತಮ್ಮ ಬ್ಯಾಟರಿಗೆ ಎಷ್ಟು ಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಅದು ಗೊತ್ತಿಲ್ಲದಿದ್ದರೆ ಮರದ ಚಕ್ರವನ್ನು ಎಷ್ಟು ತಿರುಗಿಸಿದರೂ ಡಾರ್ವಿನ್‌ನಿಂದ ಉತ್ತರ ಬರುತ್ತಿರಲಿಲ್ಲ. ಅವರು ಬಳಸಿದ್ದು ಶಾಲೆಯಲ್ಲಿ ಕಲಿತ ವಿದ್ಯೆಯನ್ನೇ.

ಪ್ರಿಯ ವಿದ್ಯಾರ್ಥಿಗಳೇ, ವೋಲ್ಟ್, ಆಂಪಿಯರ್, ಸರಣಿ ಮತ್ತು ಸಮಾನಾಂತರ ಜೋಡಣೆ ಎಂಬ ಪಾಠವನ್ನು ನೀವು ಪರೀಕ್ಷೆಯ ಅಂಕಗಳಿಗಾಗಿ ಓದುತ್ತೀರಿ, ಓದಬೇಕು ಕೂಡ. ಮುಂದಿನ ಸಲ ಆ ಪುಟ ತೆರೆದಾಗ 69 ಕೋಶಗಳ ಆ ಬ್ಯಾಟರಿಯನ್ನು ಒಮ್ಮೆ ನೆನಪಿಸಿಕೊಳ್ಳಿ. ನಿಮ್ಮ ಮನೆಯ ಅಟ್ಟದಲ್ಲಿ ಅಜ್ಜನ ಕಾಲದ ರೇಡಿಯೋ ಏನಾದರೂ ಇದ್ದರೆ, ಗುಜರಿಯವನಿಗೆ ಕೊಡುವ ಮೊದಲು ಅದರ ಹಿಂಬದಿಯ ಚೀಟಿಯಲ್ಲಿ ಎಷ್ಟು ವೋಲ್ಟ್ ಎಂದು ಬರೆದಿದೆ ಎಂಬುದನ್ನಾದರೂ ಓದಿ, ನಿಮ್ಮ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿ.